ಕೌದಿಯ ಪದರುಗಳು

ಉಟ್ಟು ಹಳತಾದ ಸೀರೆ, ಧೋತರ, ಕುಪ್ಪಸಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಕೈಸೂಜಿಯಿಂದ ಒತ್ತಾಗಿ ಹೊಲಿದ ಹಾಸಿಗೆಯೇ ಕೌದಿ. ಚಳಿ ಬಿದ್ದಾಗ ಅದೇ ಹೊದಿಕೆಯೂ ಆಗುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ರಾಯಚೂರು, ಕಲಬುರಗಿ ಸೀಮೆಗಳಲ್ಲಿ ಒಂದೆರಡು ತಲೆಮಾರಿನ ಹಿಂದಿನವರೆಗೂ ಕೌದಿಯಿಲ್ಲದ ಮನೆ ಅಪರೂಪವಾಗಿತ್ತು. ಹಳೆ ಮೈಸೂರಿನ ಕಡೆ ಇದರ ಒರಟು ರೂಪವನ್ನು ಬೊಂತೆ ಎನ್ನುತ್ತಾರೆ. ಮಹಾರಾಷ್ಟ್ರದಲ್ಲಿ ಗೋಧಡಿ, ಕೊಲ್ಹಾಪುರದ ಸುತ್ತ ವಾಕಳ, ಉತ್ತರ ಕನ್ನಡದ ಸಿದ್ದಿಯರಲ್ಲಿ ಕವಂದಿ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಸಿಂಧ್ ಮತ್ತು ರಾಜಸ್ಥಾನದ ರಲ್ಲಿ ಇವೆಲ್ಲ ಇದೇ ಬಳಗಕ್ಕೆ ಸೇರಿದವು.

ಈ ಬಳಗದಲ್ಲಿ ಕಾಂಥಾಕ್ಕೆ ಸಿಕ್ಕ ಮನ್ನಣೆ ಕೌದಿಗೆ ಸಿಕ್ಕಿಲ್ಲ. ಕಾಂಥಾದ ಮೇಲೆ ಆನೆ, ಕಮಲ, ರಥ, ಕಥೆಯ ಪ್ರಸಂಗಗಳು ದಾರದಲ್ಲಿ ಮೂಡುತ್ತವೆ. ಅವನ್ನು ಚಿತ್ರದಂತೆ ನೋಡಬಹುದು, ಗೋಡೆಗೆ ತೂಗುಹಾಕಬಹುದು. ಕೌದಿಯ ಹೊಲಿಗೆಯಲ್ಲಿ ಚಿತ್ರವಿಲ್ಲ. ಚೌಕ, ಪಟ್ಟಿ, ತ್ರಿಕೋನಗಳಷ್ಟೇ. ಆದರೆ ಚಿತ್ರ ಹೇಳದ ಒಂದು ಸಂಗತಿಯನ್ನು ಕೌದಿ ಹೇಳುತ್ತದೆ. ಒಂದು ಮನೆಯವರು ಯಾವ ಕಾಲದಲ್ಲಿ ಯಾವ ಬಟ್ಟೆ ಉಟ್ಟರು, ಯಾವ ಮಗ್ಗದ್ದು, ಯಾವ ಗಿರಣಿಯದು, ಯಾವುದನ್ನು ಜೋಪಾನ ಮಾಡಿದರು, ಯಾವುದನ್ನು ಹರಿದು ಒಳಗೆ ತುಂಬಿದರು ಎಂಬ ಲೆಕ್ಕವೆಲ್ಲ ಅದರ ಪದರುಗಳಲ್ಲಿದೆ. ಉತ್ತರ ಕರ್ನಾಟಕದ ಉಡುಪಿನ ಇತಿಹಾಸಕ್ಕೆ ಇದಕ್ಕಿಂತ ಹತ್ತಿರದ ದಾಖಲೆ ಇನ್ನೊಂದಿಲ್ಲ.

ತುಂಡು ಬಟ್ಟೆ ಹೊಲಿದು ಹೊದೆಯುವ ರೂಢಿ ಎಷ್ಟು ಹಳೆಯದೆಂದು ನೋಡಹೊರಟರೆ ಮೊದಲು ಎದುರಾಗುವುದು ಸಂನ್ಯಾಸಿಗಳು. ಬೌದ್ಧ ಭಿಕ್ಷುಗಳು ಎಸೆದ ಬಟ್ಟೆಗಳನ್ನು ಆಯ್ದು, ತೊಳೆದು, ಹೊಲಿದು ಚೀವರ ಮಾಡಿಕೊಳ್ಳುತ್ತಿದ್ದರು. ಮಗಧದ ಗದ್ದೆಗಳ ಬದುಗಳಂತೆ ತುಂಡುಗಳನ್ನು ಜೋಡಿಸುವ ಕ್ರಮವನ್ನು ಬುದ್ಧನ ಮಾತಿನಂತೆ ಆನಂದ ರೂಪಿಸಿದನೆಂದು ವಿನಯ ಗ್ರಂಥಗಳು ಹೇಳುತ್ತವೆ. ಭಿಕ್ಷುಗಳ ಚೀವರದಲ್ಲಿ ಆ ಗದ್ದೆಯ ವಿನ್ಯಾಸ ಇಂದಿಗೂ ಉಳಿದಿದೆ. ನಾಥಪಂಥದ ಜೋಗಿಗಳ ಕಂಥೆ, ಸೂಫಿ ಫಕೀರರ ತೇಪೆಯ ಅಂಗಿ ಇದೇ ಜಾಡಿನವು. ಇವರಿಗೆಲ್ಲ ತೇಪೆ ಹಾಕಿದ ಬಟ್ಟೆ ಸಂಸಾರ ಬಿಟ್ಟದ್ದರ ಗುರುತು. ಕೌದಿಯಾದರೋ ಸಂಸಾರದ ಒಳಗೇ ಹುಟ್ಟಿದ್ದು. ಮದುವೆ, ಬಾಣಂತನ, ಜಾತ್ರೆ, ಸುಗ್ಗಿಗಳ ನಡುವೆ ಬೆಳೆದದ್ದು. ಎರಡಕ್ಕೂ ಬೇಕಾದದ್ದು ಮಾತ್ರ ಹಳೆ ಬಟ್ಟೆ, ಸೂಜಿ, ದಾರ.

ಕನ್ನಡ ನಾಡಿನಲ್ಲಿ ಬಟ್ಟೆಯ ಕಸುಬುಗಳಿಗೂ ಭಕ್ತಿಗೂ ಹಳೆಯ ನಂಟಿದೆ. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾನೆ, ನೂಲು ತೆಗೆಯುವ ಕದಿರ ರೆಮ್ಮವ್ವೆ ಇದ್ದಾಳೆ. ಅವರಿಗಿಂತ ಮೊದಲಿನ ಜೇಡರ ದಾಸಿಮಯ್ಯ ನೇಕಾರ. ಹೊಲಿಗೆಯ ಕಸುಬಿನ ಶಿವಸಿಂಪಿಗರು ಒಂದು ಕಡೆ, ಪಂಢರಪುರದ ವಿಠ್ಠಲನನ್ನೂ ಸಂತ ನಾಮದೇವನನ್ನೂ ನಂಬಿದ ನಾಮದೇವ ಸಿಂಪಿಗರು ಇನ್ನೊಂದು ಕಡೆ ಇದೇ ಸೀಮೆಯಲ್ಲಿ ಬಾಳಿದರು. ನೂಲುವ, ನೇಯುವ, ಹೊಲಿಯುವ ಕೆಲಸಗಳಿಗೆ ಹೀಗೆ ಹೆಸರೂ ಗೌರವವೂ ದಕ್ಕಿದವು. ಕೌದಿ ಹೊಲಿಯುವುದಕ್ಕೆ ಅದು ದಕ್ಕಲಿಲ್ಲ. ಅದು ಅಡುಗೆಯಂತೆ, ಕಸ ಗುಡಿಸಿದಂತೆ ಮನೆಗೆಲಸವಾಗಿಯೇ ಉಳಿಯಿತು. ಹೊಲಿದವರ ಹೆಸರು ಎಲ್ಲಿಯೂ ದಾಖಲಾಗದಿರುವುದಕ್ಕೆ ಇದೇ ಮೊದಲ ಕಾರಣ.

ಹಳೆಯ ಕೌದಿಗಳು ಉಳಿಯಲಿಲ್ಲ ಎಂಬುದು ಎರಡನೆಯ ಕಾರಣ. ರೇಷ್ಮೆ ಸೀರೆಯನ್ನು ಪೆಟ್ಟಿಗೆಯಲ್ಲಿ ಇಡುತ್ತಾರೆ, ಕೌದಿಯನ್ನು ಹಾಸಿ ಹೊದ್ದು ಸವೆಸುತ್ತಾರೆ. ಮೇಲಿನ ಪದರು ಹರಿದರೆ ಅದರ ಮೇಲೆ ಮತ್ತೊಂದು ಪದರು ಕೂರಿಸಿ ಹೊಲಿಯುತ್ತಾರೆ. ಪೂರ್ತಿ ಜೀರ್ಣವಾದಾಗ ಅದು ದನದ ಕೊಟ್ಟಿಗೆಗೋ ಬಂಡಿಗೋ ಹೋಗುತ್ತದೆ. ಲೇಪಾಕ್ಷಿಯ 16ನೆಯ ಶತಮಾನದ ಚಾವಣಿ ಚಿತ್ರಗಳಲ್ಲಿ ವಿಜಯನಗರ ಕಾಲದ ಸೀರೆಗಳ ಅಂಚು, ಸೆರಗು, ಪಟ್ಟೆಗಳನ್ನು ಎಣಿಸಬಹುದು. ಆದರೆ ಅಂಥ ಸೀರೆಗಳು ಹಳತಾದ ಮೇಲೆ ಏನಾದವೆಂದು ಯಾವ ಚಿತ್ರಕಾರನೂ ಬರೆಯಲಿಲ್ಲ. ಹಾಗಾಗಿ ಕೌದಿಯ ಚರಿತ್ರೆಯನ್ನು ಅದರೊಳಗೆ ಸೇರಿದ ಬಟ್ಟೆಗಳಿಂದಲೇ ಹಿಡಿಯಬೇಕು.

ಆ ಬಟ್ಟೆಗಳಲ್ಲಿ ದೊಡ್ಡ ಪಾಲು ಇಳಕಲ್ ಸೀರೆಯದು. ಇಳಕಲ್ ಇಂದಿನ ಬಾಗಲಕೋಟೆ ಜಿಲ್ಲೆಯ ಊರು. ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡರ ಹಾಸುನೂಲುಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಬೆಸೆದು ನೇಯುವುದು ಈ ಊರಿನ ಹೆಗ್ಗಳಿಕೆ. ಕೆಂಪು ಸೆರಗಿನ ಮೇಲೆ ಬಿಳಿಯ ಗೋಪುರದಂತೆ ಏಳುವ ನಮೂನೆಗೆ ತೋಪು ತೆನಿ ಎನ್ನುತ್ತಾರೆ. ಅಂಚುಗಳಿಗೆ ಗೋಮಿ, ಪರಾಸಪೇಟಿ, ಗಾಡಿ ಮುಂತಾದ ಹೆಸರುಗಳಿವೆ. ದಾಳಿಂಬೆ ಕೆಂಪು, ಗಿಳಿ ಹಸಿರು, ನವಿಲು ಬಣ್ಣ, ಕಪ್ಪು ಇವು ಎದ್ದು ಕಾಣುವ ಬಣ್ಣಗಳು. ಕಚ್ಚೆ ಹಾಕಿ ಉಡುವವರಿಗೆ ಹದಿನೆಂಟು ಮೊಳದ ಸೀರೆ ಬೇಕಿತ್ತು. ಅಷ್ಟು ಉದ್ದದ ಬಟ್ಟೆ ಸವೆದರೂ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಕೂರುವ ಜಾಗ, ಮೊಣಕಾಲಿನ ಜಾಗ, ಕಾಲಿಗೆ ತಗಲುವ ಕೆಳಗಿನ ಅಂಚು ಮೊದಲು ಹೋಗುತ್ತವೆ. ನಡುವೆ ಮೊಳಗಟ್ಟಲೆ ಗಟ್ಟಿ ಬಟ್ಟೆ ಉಳಿದಿರುತ್ತದೆ. ಅಂಚಂತೂ ಒಡಲು ಚಿಂದಿಯಾದ ಮೇಲೂ ಹೊಸದರಂತಿರುತ್ತದೆ. ಕೌದಿಯ ಸುತ್ತ ಕಾಣುವ ಚೌಕಟ್ಟು ಬಹಳ ಸಲ ಇಂಥ ಅಂಚುಗಳದೇ.

ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವುದು ಹೆಣ್ಣುಮಕ್ಕಳ ಬಿಡುವಿನ ಕಲೆಯಾಗಿತ್ತು. ಗಾವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ, ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ಎಳೆ ಎಣಿಸಿಕೊಂಡೇ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ, ನಂದಿ, ನವಿಲು, ತೊಟ್ಟಿಲುಗಳನ್ನು ಮೂಡಿಸುತ್ತಿದ್ದರು. ಗಾವಂತಿ ಹೊಲಿಗೆ ಬಟ್ಟೆಯ ಎರಡೂ ಬದಿಗೆ ಒಂದೇ ರೀತಿ ಕಾಣುತ್ತದೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಮದುಮಗಳಿಗೆ ಕೊಡುವ ಕಪ್ಪು ಚಂದ್ರಕಾಳಿ ಸೀರೆಗೆ ಕಸೂತಿ ಇರಲೇಬೇಕು ಎಂಬ ರೂಢಿಯಿತ್ತು. ದೇವರ ತೇರನ್ನೂ ಗುಡಿಯ ಗೋಪುರವನ್ನೂ ಹೆಣ್ಣುಮಕ್ಕಳು ಹೀಗೆ ಮೈಮೇಲೆ ಹೊತ್ತರು. ಸೀರೆ ಸವೆದರೆ ಕಸೂತಿಯ ಭಾಗವನ್ನು ಹಾಳುಮಾಡುತ್ತಿರಲಿಲ್ಲ. ಅದನ್ನು ಬಿಡಿಸಿ ತೆಗೆದು ಕೂಸಿನ ಕುಂಚಿಗೆಗೋ ಕುಲಾವಿಗೋ ಹಚ್ಚುತ್ತಿದ್ದರು, ಇಲ್ಲವೇ ಕೌದಿಯ ನಡುಚೌಕಕ್ಕೆ ತಂದು ಕೂರಿಸುತ್ತಿದ್ದರು.

ಇನ್ನೊಂದು ಬಟ್ಟೆ ಗುಳೇದಗುಡ್ಡದ ಖಣ. ಇದು ಕುಪ್ಪಸಕ್ಕೆಂದೇ ನೇಯ್ದ, ಅಂಚಿರುವ ಬಟ್ಟೆ. ತೇರು, ಆನೆಹೆಜ್ಜೆ, ಸಿದ್ಧೇಶ್ವರ ಮುಖ ಎಂಬ ನಮೂನೆಗಳ ಹೆಸರೇ ಇದರ ಭಕ್ತಿಯ ನಂಟನ್ನು ಹೇಳುತ್ತವೆ. ಮುತ್ತೈದೆಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಎಲೆ ಅಡಿಕೆಗಳ ಜೊತೆ ಖಣ ಇಡುತ್ತಾರೆ. ಬಾದಾಮಿಯ ಬನಶಂಕರಿಗೆ, ಸವದತ್ತಿಯ ಎಲ್ಲಮ್ಮನಿಗೆ ಉಡಿ ತುಂಬುವಾಗಲೂ ಖಣ ಬೇಕು. ಹಾಗಾಗಿ ಒಂದು ಮನೆಗೆ ವರ್ಷದಲ್ಲಿ ಹಲವು ಖಣಗಳು ಬರುತ್ತಿದ್ದವು, ಹಲವು ಹೋಗುತ್ತಿದ್ದವು. ಕುಪ್ಪಸ ಹೊಲಿದು ಮಿಕ್ಕ ಚೂರು ಅಂಗೈಯಗಲವೇ ಇರಲಿ, ಅದನ್ನು ಎತ್ತಿಡುತ್ತಿದ್ದರು. ಒತ್ತು ನೇಯ್ಗೆಯ ಖಣ ಹೊಳೆಯುತ್ತದೆ. ಕೌದಿಯ ಮೇಲೆ ಅಲ್ಲಲ್ಲಿ ಮಿನುಗುವ ಸಣ್ಣ ತ್ರಿಕೋನಗಳು ಸಾಮಾನ್ಯವಾಗಿ ಖಣದವು.

ಬಟ್ಟೆ ಕೌದಿಯ ತನಕ ಬರುವ ದಾರಿ ಉದ್ದವಾಗಿತ್ತು. ಹಬ್ಬಕ್ಕೆ ಬಂದ ಸೀರೆ ಕೆಲವು ವರ್ಷ ಹಬ್ಬ ಮದುವೆಗಳಿಗೇ ಮೀಸಲು. ಬಣ್ಣ ಮಾಸಿದರೆ ಮನೆಯಲ್ಲಿ ಉಡುವುದು, ಇನ್ನೂ ಮಾಸಿದರೆ ಹೊಲಕ್ಕೆ ಉಟ್ಟು ಹೋಗುವುದು. ಆಮೇಲೆ ಅದನ್ನು ಹರಿಯುತ್ತಿದ್ದರು. ಹಾಲಿನಂತೆ ಮೆತ್ತಗಾದ ಭಾಗ ಬಾಣಂತಿ ಕೋಣೆಗೆ ಹೋಗುತ್ತಿತ್ತು. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕದೆ ಹಿರಿಯರು ಉಟ್ಟು ಮೆತ್ತಗಾದ ಬಟ್ಟೆಯಲ್ಲೇ ಸುತ್ತುವುದು ನಾಡಿನ ಬಹುಭಾಗದ ಪದ್ಧತಿ. ಮೈಗೆ ಒರಟಾಗಬಾರದು ಎಂಬುದು ಒಂದು, ದೃಷ್ಟಿ ತಾಗಬಾರದು, ಹಿರಿಯರ ಆಯುಷ್ಯ ಬರಲಿ ಎಂಬುದು ಇನ್ನೊಂದು. ಧೋತರದ ಹಳೆ ತುಂಡುಗಳು ಪಲ್ಲಕ್ಕಿಯ ಮುಂದೆ ಹಿಡಿಯುವ ದೀವಟಿಗೆಗೆ ಸುತ್ತಲು ಬೇಕಾಗುತ್ತಿದ್ದವು. ಇವೆಲ್ಲ ಮುಗಿದು ಉಳಿದದ್ದು ಗಂಟಾಗಿ ಅಟ್ಟ ಸೇರುತ್ತಿತ್ತು. ಕೌದಿಗೆ ಬೇಕಾದಷ್ಟು ಬಟ್ಟೆ ಕೂಡಲು ವರ್ಷಗಳೇ ಹಿಡಿಯುತ್ತಿದ್ದವು.

ಬೇಡದ್ದನ್ನು ಮನೆಯಿಂದ ತೆಗೆಯುವುದಕ್ಕೆ ದಕ್ಷಿಣ ಭಾರತದಲ್ಲಿ ಹೆಸರಾದ ಹಬ್ಬ ಸಂಕ್ರಾಂತಿಯ ಹಿಂದಿನ ದಿನದ ಭೋಗಿ. ತಮಿಳುನಾಡು, ಆಂಧ್ರಗಳಲ್ಲಿ ಅಂದು ನಸುಕಿನಲ್ಲಿ ಹಳೆ ಸಾಮಾನುಗಳನ್ನು ಬೆಂಕಿಗೆ ಹಾಕುತ್ತಾರೆ. ಉತ್ತರ ಕರ್ನಾಟಕದ ಭೋಗಿಯಲ್ಲಿ ಆ ಬೆಂಕಿಗೆ ಜಾಗವಿಲ್ಲ. ಅಲ್ಲಿ ಅಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮತ್ತು ಹಲವು ಕಾಯಿಪಲ್ಯಗಳ ಊಟವೇ ಮುಖ್ಯ. ಮನೆ ಹಸನು ಮಾಡುವ ದೊಡ್ಡ ಕೆಲಸ ನಡೆಯುವುದು ದಸರೆಯ ಮುಂಚೆ. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ, ಗಡಿಗೆ ಪಾತ್ರೆಗಳ ತೊಳೆತ. ಘಟ ಕೂರಿಸುವ ಹೊತ್ತಿಗೆ ಮನೆಯ ಹಾಸಿಗೆ ಹೊದಿಕೆಗಳೆಲ್ಲ ಒಗೆದಿರಬೇಕು. ಹೆಂಗಸರು ಕೌದಿಗಳನ್ನು ಬಂಡಿಗೆ ಹೇರಿಕೊಂಡು ಹಳ್ಳಕ್ಕೋ ಹೊಳೆಗೋ ಹೋಗುತ್ತಿದ್ದರು. ನೀರು ಕುಡಿದ ಕೌದಿಯನ್ನು ಒಬ್ಬರಿಂದ ಎತ್ತಲಾಗದು. ಇಬ್ಬರು ಎರಡು ತುದಿ ಹಿಡಿದು ಹಿಂಡಿ, ಬಂಡೆಯ ಮೇಲೆ ಹರವಿ ಒಣಗಿಸಬೇಕು. ಸವೆದ ಕೌದಿ ಯಾವುದು, ಮೇಲೆ ಪದರು ಹಾಕಬೇಕಾದದ್ದು ಯಾವುದು ಎಂಬ ತೀರ್ಮಾನ ಆ ಬಂಡೆಯ ಮೇಲೆಯೇ ಆಗುತ್ತಿತ್ತು. ಬೇಡದ್ದನ್ನು ಸುಡದೆ, ಎಸೆಯದೆ ಮತ್ತೆ ಬಳಕೆಗೆ ತರುವ ಕ್ರಮ ದೇವಿಯ ಹಬ್ಬಕ್ಕೆ ಹೀಗೆ ಹೊಂದಿಕೊಂಡಿತ್ತು.

ಕೌದಿ ಹೊಲಿಯುವ ಕಾಲ ಬೇಸಿಗೆ. ಸುಗ್ಗಿ ಮುಗಿದು, ಮಳೆ ಬೀಳುವವರೆಗೆ ಹೊಲದಲ್ಲಿ ಕೆಲಸ ಕಡಿಮೆ, ಹಗಲು ಉದ್ದ, ಬಟ್ಟೆ ಒಣಗಿರುತ್ತದೆ. ಮೊದಲು ಗಂಟು ಬಿಚ್ಚಿ ಬಟ್ಟೆ ಒಗೆದು ವಿಂಗಡಿಸುತ್ತಾರೆ. ಕತ್ತರಿಗಿಂತ ಕೈಯಿಂದ ಹರಿಯುವುದೇ ಹೆಚ್ಚು. ಹರಿದರೆ ಬಟ್ಟೆ ಎಳೆಯ ಜಾಡಿನಲ್ಲೇ ನೆಟ್ಟಗೆ ಸೀಳುತ್ತದೆ, ಅಳತೆ ತಪ್ಪುವುದಿಲ್ಲ. ಪಡಸಾಲೆಯ ನೆಲದ ಮೇಲೆ ಗಟ್ಟಿಯಾದ ಒಂದು ಸೀರೆಯನ್ನು ಮಡಿಸಿ ಹಾಸುತ್ತಾರೆ. ಇದು ಕೌದಿಯ ಅಡಿ. ಸುಕ್ಕು ಬಾರದಂತೆ ಅಂಚಿಗೆ ಕಲ್ಲೋ ತುಂಬಿದ ಚೀಲವೋ ಇಡುತ್ತಾರೆ. ಅದರ ಮೇಲೆ ಮೆತ್ತಗಾದ, ಬಣ್ಣಗೆಟ್ಟ, ತೂತು ಬಿದ್ದ ತುಂಡುಗಳನ್ನು ಹರಡುತ್ತಾರೆ. ಒಂದರ ತೂತು ಇನ್ನೊಂದರ ಗಟ್ಟಿ ಭಾಗದ ಕೆಳಗೆ ಬರುವಂತೆ ಹೊಂದಿಸುವುದೇ ಇಲ್ಲಿಯ ಜಾಣ್ಮೆ. ಎಲ್ಲ ಕಡೆ ದಪ್ಪ ಸಮನಾಗಿರಬೇಕು, ಇಲ್ಲವಾದರೆ ಮಲಗಿದವರ ಬೆನ್ನಿಗೆ ಒತ್ತುತ್ತದೆ. ಪದರು ನಾಲ್ಕೈದಾದರೆ ಹೊದಿಕೆ, ಇನ್ನೂ ಹೆಚ್ಚಾದರೆ ಹಾಸಿಗೆ.

ಎಲ್ಲಕ್ಕಿಂತ ಮೇಲೆ ಬಣ್ಣದ ಪದರು. ನಡುವೆ ಒಂದು ಚೌಕ, ಅದರ ಸುತ್ತ ಪಟ್ಟಿಗಳು, ಅವುಗಳ ಸುತ್ತ ಮತ್ತೆ ಪಟ್ಟಿಗಳು, ಮೂಲೆಗಳಲ್ಲಿ ತ್ರಿಕೋನ ತುಂಡುಗಳು ಎಂಬುದು ಬಹಳ ಕಡೆ ಕಾಣುವ ಜೋಡಣೆ. ದೊಡ್ಡ ಟಾಕುಗಳಿಂದ ಎಲ್ಲವನ್ನೂ ಹಿಡಿದಿಟ್ಟು, ಬಳಿಕ ಹೊರ ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಯುತ್ತ ಬರುತ್ತಾರೆ. ಹೊಲಿಗೆ ಅತಿ ಸರಳ. ಸೂಜಿ ಕೆಳಗಿಳಿದು ಮೇಲೇಳುವ ಓಟದ ಹೊಲಿಗೆಯಷ್ಟೇ. ಆದರೆ ಅಷ್ಟೂ ಪದರುಗಳನ್ನು ತೂರಿ ಹೋಗುವ ಸೂಜಿಯನ್ನು ದಿನವಿಡೀ ನೂಕಿದರೆ ಬೆರಳು ಬಾತುಕೊಳ್ಳುತ್ತದೆ. ಸಾಲುಗಳ ನಡುವಿನ ಅಂತರ ಬೆರಳಗಲಕ್ಕಿಂತ ಕಡಿಮೆಯಿದ್ದರೆ ಒಳಗಿನ ಚಿಂದಿಗಳು ಸರಿಯುವುದಿಲ್ಲ, ಒಗೆದಾಗ ಗಂಟು ಕಟ್ಟುವುದಿಲ್ಲ. ಒತ್ತು ಹೊಲಿಗೆಯಿಂದ ಬಟ್ಟೆಯ ಮೈಮೇಲೆ ಏಳುವ ಸಣ್ಣ ಸಣ್ಣ ಏರಿಳಿತಗಳೇ ಒಳ್ಳೆಯ ಕೌದಿಯ ಗುರುತು.

ಅಕ್ಕಪಕ್ಕದ ಮನೆಯವರು ಮಧ್ಯಾಹ್ನ ಊಟವಾದ ಮೇಲೆ ಕೂಡಿಕೊಂಡು ಹೊಲಿಯುವುದು ವಾಡಿಕೆ. ನಾಲ್ವರು ನಾಲ್ಕು ಬದಿಗೆ ಕೂತರೆ ಕೆಲಸ ಬೇಗ ಸಾಗುತ್ತದೆ, ಕಿರಿಯರ ಕೈಯೂ ಪಳಗುತ್ತದೆ. ಹೊಲಿದು ಕೊಡುವುದನ್ನೇ ಕಸುಬಾಗಿಸಿಕೊಂಡವರೂ ಇದ್ದರು. ಅಂಬಾಭವಾನಿಯ ಗೊಂದಲ ಹಾಕುವ ಗೊಂದಲಿಗ ಸಮುದಾಯದ ಗಂಡಸರು ಸಂಬಾಳ, ತುಂತುಣಿ ಹಿಡಿದು ದೇವಿಯ ಕಥೆ ಹಾಡಿದರೆ, ಹೆಂಗಸರು ಊರೂರು ತಿರುಗಿ ಕೌದಿ ಹೊಲಿದು ಕೊಡುತ್ತಿದ್ದರು. ಬಟ್ಟೆ ಮನೆಯವರದು, ಸೂಜಿ ಮತ್ತು ಕೈ ಇವರದು. ಕೂಲಿಯನ್ನು ಕಾಳು ಕಡಿಗಳ ರೂಪದಲ್ಲೂ ಕೊಡುತ್ತಿದ್ದರು. ಊರಿನಿಂದ ಊರಿಗೆ ಜೋಡಣೆಯ ನಮೂನೆಗಳು ಹಬ್ಬಿದ್ದು ಇವರ ಕೈಯಿಂದಲೇ ಎಂದು ಊಹಿಸುವುದು ತಪ್ಪಾಗಲಾರದು.

ಕೌದಿ ಮಲಗುವ ಮನೆಗೆ ಮಾತ್ರ ಸೀಮಿತವಾಗಿರಲಿಲ್ಲ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಬಂಡಿ ಕಟ್ಟಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಬಂಡಿಯಲ್ಲಿ ಕಣಿಕೆಯ ಮೇಲೆ ಕೌದಿ ಹಾಸುತ್ತಿದ್ದರು, ಗುಡ್ಡದಲ್ಲಿ ಅದೇ ಬಿಡಾರದ ಹಾಸಿಗೆ. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವ ಮಗಳ ಜೊತೆ ತೊಟ್ಟಿಲಿನ ಸಣ್ಣ ಕೌದಿ ಹೋಗುತ್ತಿತ್ತು. ಕಾರಹುಣ್ಣಿಮೆಯ ದಿನ ಎತ್ತಿನ ಬೆನ್ನಿಗೆ ಹೊದಿಸುವ ಜೂಲವೂ ತುಂಡು ಜೋಡಣೆಯ ಇದೇ ಕೈಚಳಕದ್ದು. ಆದರೆ ದೇವರ ಮನೆಯ ಹೊಸ್ತಿಲಿಗೆ ಬಂದಾಗ ಕೌದಿ ನಿಲ್ಲುತ್ತಿತ್ತು. ಮಡಿಯ ಕಟ್ಟುನಿಟ್ಟಿದ್ದ ಮನೆಗಳಲ್ಲಿ ಉಣ್ಣೆಗೂ ರೇಷ್ಮೆಗೂ ಮೈಲಿಗೆಯಿಲ್ಲ, ಹತ್ತಿಯ ಹಾಸಿಗೆಗಿದೆ. ಸ್ನಾನವಾದವರು ಕೌದಿ ಮುಟ್ಟುವಂತಿರಲಿಲ್ಲ. ಕುರುಬರು ನೇಯ್ದ ಕಂಬಳಿ ಬೀರಪ್ಪನ ಗುಡಿಯಲ್ಲಿ ಗದ್ದುಗೆಯಾಯಿತು, ಗೊರವರ ಮೈಮೇಲೆ ಪವಿತ್ರವಾಯಿತು. ಕೌದಿಗೆ ಆ ಯೋಗವಿರಲಿಲ್ಲ. ಒಂದೇ ಮನೆಯ ಎರಡು ಹೊದಿಕೆಗಳ ನಡುವಿನ ಈ ಅಂತರ ನಾಡಿನ ಶುಚಿತ್ವದ ಕಲ್ಪನೆಯನ್ನು ಚೆನ್ನಾಗಿ ತೋರಿಸುತ್ತದೆ.

19ನೆಯ ಶತಮಾನದಲ್ಲಿ ಕೌದಿಗೆ ಬರುವ ಬಟ್ಟೆ ಬದಲಾಗತೊಡಗಿತು. ಧಾರವಾಡ ಸೀಮೆಯ ಕಪ್ಪುನೆಲದಲ್ಲಿ ಅಮೆರಿಕದ ಹತ್ತಿಯ ತಳಿ 1840ರ ದಶಕದಿಂದ ನೆಲೆಯೂರಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಲ್ಲಿಯ ಹತ್ತಿಗೆ ಲಂಕಾಷೈರಿನ ಗಿರಣಿಗಳಿಂದ ಭಾರೀ ಬೇಡಿಕೆ ಬಂತು. ಹತ್ತಿ ಹಡಗೇರಿ ಹೋಯಿತು, ಗಿರಣಿ ಬಟ್ಟೆಯಾಗಿ ತಿರುಗಿ ಬಂತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಸೀಮೆಗೆ ಬಂದ ಮೇಲೆ ಆ ಬಟ್ಟೆ ಸಂತೆ ಸಂತೆಗೂ ತಲುಪಿತು. ಅದೇ ದಶಕದಲ್ಲಿ ಘಟಪ್ರಭೆಯ ನೀರಿನ ಬಲದಿಂದ ಗೋಕಾಕದ ನೂಲಿನ ಗಿರಣಿ ಶುರುವಾಯಿತು. ಮಗ್ಗ ನಿಲ್ಲಲಿಲ್ಲ, ಆದರೆ ಕೈನೂಲಿನ ಬದಲು ಗಿರಣಿ ನೂಲು ಮಗ್ಗಕ್ಕೇರಿತು. ಬಣ್ಣವೂ ಬದಲಾಯಿತು. ನೀಲಿ ಗಿಡದಿಂದ ಬಣ್ಣ ತೆಗೆದು ನೂಲು ಅದ್ದುವ ನೀಲಗಾರರು ವಿಜಯಪುರ, ಧಾರವಾಡ ಜಿಲ್ಲೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಯುರೋಪಿನಲ್ಲಿ 1869ರಲ್ಲಿ ರಾಸಾಯನಿಕ ಕೆಂಪು, 1897ರಲ್ಲಿ ರಾಸಾಯನಿಕ ನೀಲಿ ಮಾರುಕಟ್ಟೆಯ ಹಾದಿ ಹಿಡಿದವು. ಅಲ್ಲಿಂದ ನೀಲಗಾರರ ಕಸುಬು ಕುಸಿಯಿತು. ಗಿಡದ ನೀಲಿಯಲ್ಲಿ ಅದ್ದಿದ ಕಪ್ಪು ಮಾಸಿದರೂ ಅದಕ್ಕೊಂದು ಆಳವಿರುತ್ತದೆ. ಹಳೆ ಕೌದಿಯ ಒಳಪದರಿನಲ್ಲಿ ಬೆಳಕು ತಾಗದೆ ಉಳಿದ ಅಂಥ ತುಂಡು ಸಿಕ್ಕರೆ ಬಟ್ಟೆಯ ಚರಿತ್ರೆ ಬರೆಯುವವರಿಗೆ ಅದು ನಿಧಿ.

ಹೊಲಿಗೆ ಯಂತ್ರ ಕೌದಿಯ ಮೇಲ್ಮೈಯನ್ನು ಬದಲಿಸಿತು. ಸಿಂಗರ್ ಯಂತ್ರ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಭಾರತಕ್ಕೆ ಬಂತು, 1930ರ ದಶಕದಲ್ಲಿ ದೇಶದಲ್ಲೇ ತಯಾರಾದ ಉಷಾ ಯಂತ್ರ ಬಂತು. ಪೇಟೆಯ ಕಟ್ಟೆಗಳ ಮೇಲೆ ದರ್ಜಿಗಳ ಅಂಗಡಿಗಳು ಹೆಚ್ಚಿದವು. ಅಂಗಿ, ಲಂಗ, ಪರಕಾರಗಳನ್ನು ಕತ್ತರಿಸಿದಾಗ ಉಳಿಯುವ ಚೂರುಗಳು ಬುಟ್ಟಿಗಟ್ಟಲೆ ಸಿಗತೊಡಗಿದವು. ಅಲ್ಲಿಯವರೆಗೆ ಕೌದಿಯಲ್ಲಿ ಅಗಲವಾದ ಪಟ್ಟಿಗಳೇ ಹೆಚ್ಚು, ಕೆಂಪು ಕಪ್ಪು ಹಸಿರುಗಳದೇ ಆಟ. ಚೀಟಿ ಬಟ್ಟೆಯ ಹೂವು, ಚುಕ್ಕೆ, ಗೀರುಗಳು ಬಂದ ಮೇಲೆ ತುಂಡುಗಳು ಸಣ್ಣವಾದವು, ಜೋಡಣೆ ಚುರುಕಾಯಿತು. ಇಂದು ಜನ ಸಾಂಪ್ರದಾಯಿಕ ಕೌದಿಯೆಂದು ಮೆಚ್ಚುವ ನೂರು ಬಣ್ಣದ ರೂಪ ಬಹುಮಟ್ಟಿಗೆ ದರ್ಜಿ ಅಂಗಡಿಯ ಕೊಡುಗೆ.

1921ರಲ್ಲಿ ವಿದೇಶಿ ಬಟ್ಟೆಗೆ ಬೆಂಕಿಯಿಟ್ಟ ಅಸಹಕಾರ ಚಳವಳಿ ಬಟ್ಟೆಯನ್ನು ಎಸೆಯುವುದಕ್ಕೇ ಒಂದು ನೈತಿಕ ಅರ್ಥ ಕೊಟ್ಟಿತು. ಖಾದಿ ಈ ಸೀಮೆಯಲ್ಲಿ ಬೇರು ಬಿಟ್ಟು, 1957ರಲ್ಲಿ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಾಗಿ ನೆಲೆ ನಿಂತಿತು. ಎರಡನೆಯ ಮಹಾಯುದ್ಧದ ನಡುವೆ ಬಟ್ಟೆಗೆ ಅಭಾವ ಬಂದು, 1943ರಲ್ಲಿ ಸರ್ಕಾರ ಹತ್ತಿ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ಹೇರಿತು. ಉಡುವ ಸೀರೆಗೇ ತತ್ವಾರವಿದ್ದಾಗ ಕೌದಿಗೆ ಬಟ್ಟೆ ಹೊಂದಿಸುವುದು ಇನ್ನೂ ಕಷ್ಟ. ಸವೆದ ಕೌದಿಯ ಮೇಲೆಯೇ ಮತ್ತೊಂದು ಪದರು ಏರಿಸುವ ರೂಢಿಗೆ ಇಂಥ ಕಾಲಗಳೇ ಬಲ ಕೊಟ್ಟವು.

ಕೌದಿಗೆ ದೊಡ್ಡ ಪೆಟ್ಟು ಬಿದ್ದದ್ದು ಅಭಾವದಿಂದಲ್ಲ, ಅಗ್ಗದ ಬಟ್ಟೆಯಿಂದ. 1970ರ ದಶಕದಿಂದ ನೈಲಾನ್, ಪಾಲಿಯೆಸ್ಟರ್ ಸೀರೆಗಳು ಹಳ್ಳಿಗೆ ಬಂದವು. 1982ರಲ್ಲಿ ಮುಂಬಯಿ ಗಿರಣಿಗಳ ಮುಷ್ಕರವಾಯಿತು, 1985ರ ಜವಳಿ ನೀತಿ ಕೃತಕ ನೂಲಿಗೆ ದಾರಿ ಸಲೀಸು ಮಾಡಿತು. ಹೊಸ ಸೀರೆ ತೆಳು, ಒಗೆಯಲು ಹಗುರ, ಬಣ್ಣ ಬಿಡದು. ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು ಅದನ್ನು ಮೆಚ್ಚಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಅದು ಹಳತಾದರೂ ಮೆತ್ತಗಾಗುವುದಿಲ್ಲ, ಬೆವರು ಹೀರುವುದಿಲ್ಲ, ಪದರುಗಳು ಒಂದರ ಮೇಲೊಂದು ಜಾರುತ್ತವೆ. ಅಂಥ ಸೀರೆಯ ಕೌದಿ ನೋಡಲು ಥಳಥಳಿಸುತ್ತದೆ, ಮಲಗಿದರೆ ಸೆಕೆ.

ಅದೇ ಹೊತ್ತಿಗೆ ಹಳೆ ಬಟ್ಟೆಗೆ ಬೇರೆ ದಾರಿಗಳು ತೆರೆದುಕೊಂಡವು. ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತವರು ಓಣಿ ಓಣಿಗೆ ಬಂದು, ಹಳೆ ಸೀರೆ ಪ್ಯಾಂಟುಗಳನ್ನು ತೂಗಿ ನೋಡಿ ಡಬ್ಬಿ, ತಾಟು, ಬೋಗುಣಿ ಕೊಡತೊಡಗಿದರು. ಹಳೆ ಜರಿ ಸೀರೆ ಕೊಳ್ಳುವವರು ಅವನ್ನು ಸುಟ್ಟು ಜರಿಯ ಬೆಳ್ಳಿ ತೆಗೆದರು. ಎಷ್ಟೋ ಮದುವೆ ಸೀರೆಗಳು ಹೀಗೆ ಕರಗಿಹೋದವು. ಅಟ್ಟದ ಗಂಟಿನಲ್ಲಿ ವರ್ಷಗಟ್ಟಲೆ ಕಾಯುತ್ತಿದ್ದ ಬಟ್ಟೆ ಒಂದು ಮಧ್ಯಾಹ್ನದಲ್ಲಿ ಪಾತ್ರೆಯಾಗಿ ಬದಲಾಯಿತು. ಗುಡಾರದ ಗಾದಿ, ಗಿರಣಿಯ ರಗ್ಗು, ಸೋಲಾಪುರದ ಚಾದರಗಳು ಹಾಸಿಗೆಯ ಜಾಗ ಹಿಡಿದವು.

ಕೌದಿ ಹೊರಗಿನವರ ಕಣ್ಣಿಗೆ ಬಿದ್ದದ್ದು ಬಯಲುಸೀಮೆಯ ಮೂಲಕವಲ್ಲ, ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಂಚಿನ ಸಿದ್ದಿಯರ ಮೂಲಕ. ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ತಂದವರಲ್ಲಿ ಹಲವರು ಘಟ್ಟದ ಕಾಡಿಗೆ ತಪ್ಪಿಸಿಕೊಂಡು ಬಂದರು. ಅವರ ವಂಶದವರಾದ ಉತ್ತರ ಕನ್ನಡದ ಸಿದ್ದಿಯರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಸಿದ್ದಿ ಹೆಂಗಸರು ಕವಂದಿಯನ್ನು ಒಂದು ಮೂಲೆಯಿಂದ ಆರಂಭಿಸಿ ಅಂಚಿನ ಗುಂಟ ಸುತ್ತುತ್ತ ನಡುವಿನವರೆಗೆ ಹೊಲಿಯುತ್ತಾರೆ. ಮೂಲೆಗಳಲ್ಲಿ ಪದರು ಪದರಾಗಿ ಮಡಿಸಿದ ತ್ರಿಕೋನ ಬಟ್ಟೆಯನ್ನು ಕೂರಿಸುತ್ತಾರೆ, ಅದಕ್ಕೆ ಫೂಲ ಎಂದು ಹೆಸರು. ಫೂಲ ಇಲ್ಲದ ಕವಂದಿ ಬೆತ್ತಲೆ ಎಂದು ಅವರ ನಂಬಿಕೆ. ಕ್ರೈಸ್ತರ ಕವಂದಿಯಲ್ಲಿ ಶಿಲುಬೆ, ಮುಸ್ಲಿಮರದರಲ್ಲಿ ಅರ್ಧಚಂದ್ರ ಕಾಣ ಸಿಗುತ್ತವೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಈ ಕವಂದಿಗಳನ್ನು ಅಧ್ಯಯನ ಮಾಡಿದರು. ಸಿದ್ದಿ ಹೆಂಗಸರ ಸಹಕಾರಿ ಗುಂಪು ಕಟ್ಟಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಆಫ್ರಿಕಾದ ಮೂಲಕ್ಕೆ ಕವಂದಿಯನ್ನು ಜೋಡಿಸುವ ಮಾತು ಸಹಜವಾಗಿಯೇ ಬಂತು. ಬಣ್ಣಗಳನ್ನು ಧೈರ್ಯವಾಗಿ ಬಳಸುವ ರೀತಿಯಲ್ಲಿ, ಫೂಲದ ನಂಬಿಕೆಯಲ್ಲಿ ಸಿದ್ದಿಯರದೇ ಛಾಪು ಸ್ಪಷ್ಟ. ಆದರೆ ಹಳೆ ಸೀರೆಯ ಅಡಿ, ಚಿಂದಿಯ ಒಳಪದರು, ಅಂಚಿನಿಂದ ನಡುವಿಗೆ ಸಾಗುವ ಓಟದ ಹೊಲಿಗೆ ಇವು ಘಟ್ಟದ ಮೇಲಿನ ಕೌದಿಯವೂ ಹೌದು, ಗಡಿಯಾಚೆಯ ಗೋಧಡಿಯವೂ ಹೌದು. ಕವಂದಿಗೆ ಸಿಕ್ಕ ಗೌರವ ಅದಕ್ಕೆ ಸಲ್ಲಲೇಬೇಕಾದದ್ದು. ಅದರ ನೆರೆಯ ಕೌದಿಗೂ ಅಂಥ ಅಧ್ಯಯನದ ಹಕ್ಕಿದೆ.

ಈಚಿನ ವರ್ಷಗಳಲ್ಲಿ ಹಳೆ ಬಟ್ಟೆಯ ಬೆಲೆ ಮತ್ತೆ ಏರಿದೆ. ಕಸೂತಿ, ಇಳಕಲ್ ಸೀರೆ, ಗುಳೇದಗುಡ್ಡ ಖಣ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಖಣದಿಂದ ಸೀರೆ, ಕೈಚೀಲ, ಕುರ್ತಾ ತಯಾರಾಗುತ್ತಿವೆ. ಅಜ್ಜಿಯ ಪೆಟ್ಟಿಗೆಯ ಇಳಕಲ್ ಸೀರೆಯನ್ನು ಮೊಮ್ಮಗಳು ಹುಡುಕಿ ತೆಗೆದು ಉಡುತ್ತಾಳೆ, ಇಲ್ಲವೇ ಅದನ್ನು ಕತ್ತರಿಸಿ ಉಡುಪು ಹೊಲಿಸುತ್ತಾಳೆ. ಕೌದಿಯೂ ಅಂಗಡಿಗೆ ಬಂದಿದೆ. ಸ್ವಸಹಾಯ ಸಂಘಗಳ ಹೆಂಗಸರು ಪೇಟೆಯ ಗಿರಾಕಿಗಳಿಗಾಗಿ ಹೊಲಿಯುತ್ತಾರೆ. ಪೇಟೆಯವರಿಗೆ ಅಳತೆ ಮಂಚಕ್ಕೆ ಸರಿಯಾಗಬೇಕು, ಬಣ್ಣ ಕೋಣೆಗೆ ಹೊಂದಬೇಕು, ಉಟ್ಟ ಬಟ್ಟೆ ಬೇಡ. ಹೀಗಾಗಿ ಹೊಸ ಹತ್ತಿ ಬಟ್ಟೆಯನ್ನೇ ತುಂಡು ಮಾಡಿ ಕೌದಿ ಹೊಲಿಯುವುದು ಹೆಚ್ಚುತ್ತಿದೆ. ಎಷ್ಟೋ ಕಡೆ ಕೈಸೂಜಿಯ ಜಾಗಕ್ಕೆ ಯಂತ್ರ ಬಂದಿದೆ. ಹೊಲಿದ ಕೈಗೆ ಇದರಿಂದ ಕೂಲಿ ಸಿಗುತ್ತಿದೆ ಎಂಬುದು ಸಣ್ಣ ಮಾತಲ್ಲ. ಮನೆಗೆಲಸವೆಂದು ಎಣಿಕೆಗೇ ಬಾರದಿದ್ದ ದುಡಿಮೆಗೆ ಈಗ ರೂಪಾಯಿಯ ಲೆಕ್ಕ ಬಂದಿದೆ.

ಆದರೆ ಚರಿತ್ರೆಯ ದಾಖಲೆಯಾಗಿ ಈ ಹೊಸ ಕೌದಿ ಹಳೆಯದರ ಸಮಕ್ಕೆ ನಿಲ್ಲದು. ಅದರ ಒಳಪದರುಗಳಲ್ಲಿ ಒಂದು ಮನೆಯ ಐವತ್ತು ವರ್ಷದ ಉಡುಪಿಲ್ಲ, ಒಂದೇ ಥಾನಿನ ಬಟ್ಟೆಯಿದೆ. ಹಳೆಯ ಕೌದಿಗೆ ವಯಸ್ಸು ಹೇಳುವುದು ಕಷ್ಟ, ಏಕೆಂದರೆ ಹೊಲಿಗೆಗಿಂತ ಬಟ್ಟೆ ಹಳೆಯದು, ಒಂದು ಪದರಿಗಿಂತ ಇನ್ನೊಂದು ಹಳೆಯದು. ಆ ಕಷ್ಟವೇ ಅದರ ಬೆಲೆ. ಅಂಚಿನ ನೇಯ್ಗೆಯಿಂದ ಊರನ್ನು, ಬಣ್ಣದಿಂದ ಗಿಡವೋ ರಾಸಾಯನಿಕವೋ ಎಂಬುದನ್ನು, ನೂಲಿನಿಂದ ರಾಟಿಯೋ ಗಿರಣಿಯೋ ಎಂಬುದನ್ನು ತಜ್ಞರು ಗುರುತಿಸಬಲ್ಲರು. ಯಾವ ತುಂಡು ಯಾರು ಉಟ್ಟದ್ದು, ಯಾವ ಮದುವೆಯದು, ಯಾವ ಉಡಿಯದು ಎಂಬುದನ್ನು ಹೇಳಬಲ್ಲವರು ಹೊಲಿದವರು ಮಾತ್ರ. ಕೈಯಿಂದ ಕೌದಿ ಹೊಲಿದ ಹಿರಿಯ ತಲೆಮಾರಿನ ಹೆಣ್ಣುಮಕ್ಕಳು ಈ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ವಸ್ತುಸಂಗ್ರಹಾಲಯಗಳೂ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳೂ ಕೌದಿಯನ್ನು ಸಂಗ್ರಹಿಸುವಾಗ ಅವರ ಹೆಸರನ್ನೂ ಪ್ರತಿ ತುಂಡಿನ ಬಗ್ಗೆ ಅವರು ಹೇಳುವ ಮಾತನ್ನೂ ಜೊತೆಗೇ ಬರೆದಿಡಬೇಕಾಗಿದೆ.